ಹಾಲಿನ ಶಕ್ತಿ, ಕೆಂಡದ ಕೆಲಸ

ಕೋಲ್ಕತ್ತದ ಸಿಹಿಮೊಸರಿಗೆ ವರ್ಷದ ಅತಿ ಒಳ್ಳೆಯ ರುಚಿ ಬರುವುದು, ಅದು ಹೆಪ್ಪುಗಟ್ಟಲು ಅತಿ ಕಷ್ಟಪಡುವ ಕಾಲದಲ್ಲೇ. ಪೌಷ ಮಾಸದ ಹೊತ್ತಿಗೆ ಈಚಲು ಮರದ ರಸ ಇಳಿಸಿ ಕಾಯಿಸಿದ ಹೊಸ ಬೆಲ್ಲ, ಬಂಗಾಳಿಗಳ ನೊಲೆನ್ ಗುಡ್, ಪೇಟೆಗೆ ಬರುತ್ತದೆ. ಅದನ್ನು ಬೆರೆಸಿದ ಮೊಸರಿಗಾಗಿ ಭವಾನೀಪುರದಿಂದ ಶ್ಯಾಮ್‌ಬಜಾರಿನವರೆಗೆ ಮಿಠಾಯಿ ಅಂಗಡಿಗಳ ಮುಂದೆ ಜನ ಸೇರುತ್ತಾರೆ. ಅದೇ ದಿನಗಳಲ್ಲಿ ರಾತ್ರಿಯ ಉಷ್ಣಾಂಶ 13-14 ಡಿಗ್ರಿಗೆ ಇಳಿದಿರುತ್ತದೆ. ಹೆಪ್ಪು ಹಾಕಿದ ಹಾಲನ್ನು ಆ ಚಳಿಗೆ ಹಾಗೇ ಬಿಟ್ಟರೆ ಬೆಳಿಗ್ಗೆಯೂ ಅದು ಹಾಲೇ.

ಅದಕ್ಕೆ ಅಲ್ಲಿನ ಮೊಸರಿನ ಕಸುಬಿನವರು ಕಂಡುಕೊಂಡ ಉಪಾಯ ಹಳೆಯದು. ಹಾಲನ್ನು ಇಂಗುವವರೆಗೆ ಕುದಿಸಿ, ಸಕ್ಕರೆಯನ್ನು ಕೆಂಪಗೆ ಕಾಯಿಸಿ ಸೇರಿಸಿ, ಬಿಸಿ ಆರಿದ ಮೇಲೆ ಹೆಪ್ಪು ಬೆರೆಸಿ ಮಣ್ಣಿನ ಕುಡಿಕೆಗಳಿಗೆ ಸುರಿಯುತ್ತಾರೆ. ಉರಿ ಇಳಿದು ಬರೀ ಕೆಂಡ ಉಳಿದ ಒಲೆಯ ಸುತ್ತ ಕುಡಿಕೆಗಳನ್ನು ಜೋಡಿಸಿ, ಮೇಲೆ ಗೋಣಿಯನ್ನೋ ಕಂಬಳಿಯನ್ನೋ ಹೊದಿಸಿ ಬಿಡುತ್ತಾರೆ. ಕುಡಿಕೆಯ ಮಣ್ಣು ನೀರನ್ನು ಹೀರಿ ಹೊರಗೆ ಆವಿಯಾಗಲು ಬಿಡುತ್ತದೆ. ಮೊಸರು ಇನ್ನಷ್ಟು ಗಟ್ಟಿಯಾಗುತ್ತದೆ. ಅಷ್ಟು ಹೊತ್ತೂ ಯಾರೂ ಕುಡಿಕೆ ಮುಟ್ಟುವಂತಿಲ್ಲ.

ದಕ್ಷಿಣ ಭಾರತೀಯರ ಹಳೆಯ ನೆಲೆಯಾದ ಲೇಕ್ ಮಾರ್ಕೆಟ್ ಸುತ್ತಿನ ಮನೆಗಳಲ್ಲೂ ಜನವರಿಯಲ್ಲಿ ಇದೇ ಪಾಡು. ಇಡ್ಲಿ ಹಿಟ್ಟು ಚೆನ್ನಾಗಿ ಹುದುಗಲು 25ರಿಂದ 30 ಡಿಗ್ರಿ ಬೆಚ್ಚಗಿರಬೇಕು. ಉಡುಪಿಯಲ್ಲಿ ತಾನಾಗಿ ಸಿಗುವ ಆ ಬೆಚ್ಚನೆಯನ್ನು ಇಲ್ಲಿ ಹೊಂದಿಸಿ ಕೊಡಬೇಕು.

ಹಾಗಾದರೆ ಮೊಸರನ್ನು ಮಾಡಿದ್ದು ಯಾರು? ಹಾಲೋ, ಕೆಂಡವೋ? ಅಡುಗೆಮನೆಯ ಈ ಪ್ರಶ್ನೆಯನ್ನು ನಮ್ಮ ದಾರ್ಶನಿಕರು ಬಹಳ ಗಂಭೀರವಾಗಿಯೇ ಕೈಗೆತ್ತಿಕೊಂಡಿದ್ದರು. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ, ಮೊದಲ ಪಾದದ 24ನೆಯ ಸೂತ್ರ ಹಾಲಿನ ದೃಷ್ಟಾಂತವನ್ನೇ ತರುತ್ತದೆ. ಕುಂಬಾರನಿಗೆ ಮಡಕೆ ಮಾಡಲು ಮಣ್ಣು, ತಿಗರಿ, ಕೋಲು ಬೇಕು. ಯಾವ ಸಲಕರಣೆಯೂ ಇಲ್ಲದ ಬ್ರಹ್ಮ ಜಗತ್ತಾಗುವುದು ಹೇಗೆ? ಹಾಲು ತಾನೇ ಮೊಸರಾಗುವಂತೆ ಎನ್ನುವುದು ಸೂತ್ರದ ಉತ್ತರ.

ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಎದುರಾಳಿಯ ಬಾಯಿಂದ ಕೋಲ್ಕತ್ತದ ಮೊಸರಿನವನ ಮಾತನ್ನೇ ಆಡಿಸುತ್ತಾರೆ. ಹಾಲು ತಾನಾಗಿ ಎಲ್ಲಿ ಮೊಸರಾಗುತ್ತದೆ, ಅದಕ್ಕೂ ಹೊರಗಿನ ಶಾಖ ಬೇಕಲ್ಲವೇ ಎಂಬುದು ಆಕ್ಷೇಪ. ಶಂಕರರು ಶಾಖವನ್ನು ಅಲ್ಲಗಳೆಯುವುದಿಲ್ಲ, ಅದರ ಸ್ಥಾನವನ್ನು ಗೊತ್ತುಮಾಡುತ್ತಾರೆ. ಹಾಲು ತನ್ನಷ್ಟಕ್ಕೆ ಎಷ್ಟು ಮಾರ್ಪಡಬಲ್ಲದೋ ಅಷ್ಟನ್ನೇ ಶಾಖ ಬೇಗ ಆಗುವಂತೆ ಮಾಡುತ್ತದೆ. ಮೊಸರಾಗುವ ಸ್ವಭಾವ ಹಾಲಿಗೆ ಇಲ್ಲದಿದ್ದರೆ ಶಾಖ ಬಲವಂತದಿಂದ ಅದನ್ನು ತರಲಾರದು. ಗಾಳಿಯನ್ನೋ ಆಕಾಶವನ್ನೋ ಎಷ್ಟು ಕಾಯಿಸಿದರೂ ಮೊಸರಾಗದು ಎಂಬುದು ಅವರ ವಾದ. ಹೊರಗಿನ ಸಾಧನ ಒಳಗಿರುವುದನ್ನು ಪೂರ್ತಿಗೊಳಿಸುತ್ತದೆ, ಅಷ್ಟೆ.

ಉಡುಪಿಯ ಮಧ್ವಾಚಾರ್ಯರ ಹಾದಿ ಬೇರೆ. ಅವರ ಮತದಲ್ಲಿ ಭಗವಂತ ಜಗತ್ತಿಗೆ ಕುಂಬಾರನಂತೆ ನಿಮಿತ್ತ ಕಾರಣ ಮಾತ್ರ, ಮಣ್ಣಿನಂತೆ ಉಪಾದಾನವಾಗುವುದು ಪ್ರಕೃತಿ. ಜಡಕ್ಕೆ ಇರುವ ಶಕ್ತಿಯೂ ಭಗವಂತನ ಅಧೀನ, ಅವನ ಪ್ರೇರಣೆಯಿಲ್ಲದೆ ಯಾವುದೂ ಮಾರ್ಪಡದು. ಇಬ್ಬರು ಆಚಾರ್ಯರ ನಡುವಿನ ಅಂತರ ದೊಡ್ಡದು. ಆದರೂ ಒಂದು ವಿಷಯದಲ್ಲಿ ಎರಡೂ ದರ್ಶನಗಳು ಮನುಷ್ಯನ ಅಹಂಕಾರಕ್ಕೆ ಕಡಿವಾಣ ಹಾಕುತ್ತವೆ: ಒಲೆಯ ಪಕ್ಕ ಕುಡಿಕೆ ಇಟ್ಟವನು ಮೊಸರಿನ ಕರ್ತನಲ್ಲ.

ಹಾಲು ತಾನೇ ಮೊಸರಾಗುತ್ತದೆ ಎಂಬ ಮಾತನ್ನು ವಿಜ್ಞಾನ ಒಪ್ಪುತ್ತದೆಯೇ? 1857ರಲ್ಲಿ ಫ್ರಾನ್ಸಿನ ಲೂಯಿ ಪ್ಯಾಸ್ಚರ್, ಹಾಲು ಹುಳಿಯುವುದರ ಹಿಂದೆ ಕಣ್ಣಿಗೆ ಕಾಣದ ಜೀವಿಗಳಿವೆ ಎಂದು ತೋರಿಸಿದ. ಅವು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತವೆ. ಹುಳಿ ಏರಿ ಪಿಎಚ್ 4.6ರ ಸುತ್ತ ಬಂದಾಗ ಕೇಸಿನ್ ಎಂಬ ಪ್ರೋಟೀನು ಒಂದಕ್ಕೊಂದು ಹೆಣೆದುಕೊಂಡು ಗಡ್ಡೆ ಕಟ್ಟುತ್ತದೆ. ಸೂಕ್ಷ್ಮಜೀವಿಗಳನ್ನೆಲ್ಲ ಕೊಂದು ಮುಚ್ಚಿದ ಟೆಟ್ರಾಪ್ಯಾಕ್ ಹಾಲು, ಬೇಸಿಗೆಯ ಸೆಕೆಯಲ್ಲಿಯೂ ತಿಂಗಳುಗಟ್ಟಲೆ ಹಾಲಾಗಿಯೇ ಉಳಿಯುತ್ತದೆ. ಹೆಪ್ಪು ಬಿದ್ದ ಹೊರತು ಅದು ಮೊಸರಾಗದು.

ಶಂಕರರ ಕಾಲದ ಹಾಲಿನಲ್ಲಿ ಆ ಜೀವಿಗಳು ಮೊದಲೇ ಇರುತ್ತಿದ್ದವು, ಕಾಣುತ್ತಿರಲಿಲ್ಲ. ಹಾಗಾಗಿ ಅವರ ದೃಷ್ಟಾಂತಕ್ಕೆ ಇಂದು ಒಂದು ತಿದ್ದುಪಡಿ ಬೇಕು. ಹಾಲಿನ ಯೋಗ್ಯತೆ, ಶಾಖ ಎಂಬ ಎರಡರ ನಡುವೆ ಜೀವ ಎಂಬ ಮೂರನೆಯದು ಇದೆ. ವಾದದ ತಿರುಳಿಗೆ ಮಾತ್ರ ಇದರಿಂದ ಧಕ್ಕೆಯಿಲ್ಲ. ಕೆಂಡ ಈಗಲೂ ನೀರನ್ನು ಮೊಸರು ಮಾಡಲಾರದು. ಶಾಖ ಕೊಡುವವನ ಹೊಣೆ ಮಾತ್ರ ಮೊದಲಿಗಿಂತ ಹೆಚ್ಚುತ್ತದೆ, ಏಕೆಂದರೆ ಅವನು ಕಾಯುತ್ತಿರುವುದು ಸಾಯಬಲ್ಲ ಒಂದು ಜೀವವನ್ನು. ಗಟ್ಟಿ ಮೊಸರಿನ ಬ್ಯಾಕ್ಟೀರಿಯಾಗಳಿಗೆ 40ರಿಂದ 45 ಡಿಗ್ರಿ ಹಿತ. 50 ದಾಟಿದರೆ ಅವು ಸೊರಗುತ್ತವೆ. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಹೆಪ್ಪೇ ಸತ್ತುಹೋಗುತ್ತದೆ.

ಇದೇ ಮೊಸರಿನ ಮಾತನ್ನು ಸಾಧನೆಯ ಮಾತಾಗಿಸಿದವರು ಕೋಲ್ಕತ್ತದ ಉತ್ತರಕ್ಕೆ, ಗಂಗೆಯ ದಡದ ದಕ್ಷಿಣೇಶ್ವರದಲ್ಲಿದ್ದ ಶ್ರೀರಾಮಕೃಷ್ಣರು. 1882ರಲ್ಲಿ ಶಾಲೆಯ ಮೇಷ್ಟ್ರು ಮಹೇಂದ್ರನಾಥ ಗುಪ್ತರು ಅವರ ಬಳಿಗೆ ಬಂದರು. ಮುಂದೆ ಪರಮಹಂಸರ ಮಾತುಗಳನ್ನು 'ಕಥಾಮೃತ'ವಾಗಿ ಬರೆದಿಟ್ಟವರು ಇವರೇ. ಸಂಸಾರದಲ್ಲಿದ್ದುಕೊಂಡು ದೇವರನ್ನು ಕಾಣುವ ಬಗೆ ಹೇಳುವಾಗ ಪರಮಹಂಸರು ಹೆಪ್ಪಿನ ಉದಾಹರಣೆ ಕೊಟ್ಟರು. ಬೆಣ್ಣೆ ಬೇಕಾದರೆ ಹಾಲನ್ನು ಏಕಾಂತದಲ್ಲಿಟ್ಟು ಮೊದಲು ಮೊಸರಾಗಿಸಬೇಕು, ಅಲುಗಾಡಿಸುತ್ತಿದ್ದರೆ ಅದು ಹೆಪ್ಪುಗಟ್ಟುವುದಿಲ್ಲ ಎಂಬುದು ಅವರ ಉಪದೇಶದ ಸಾರ.

ತಾವು ಹೇಳಿದ್ದನ್ನು ಅವರು ಶಿಷ್ಯನ ವಿಷಯದಲ್ಲಿ ನಡೆಸಿ ತೋರಿಸಿದರು. 1881ರಲ್ಲಿ ಬಂದ ನರೇಂದ್ರ ಬ್ರಾಹ್ಮಸಮಾಜದ ತರುಣ. ಕಾಳಿಯನ್ನು ಒಪ್ಪುತ್ತಿರಲಿಲ್ಲ, ಅದ್ವೈತವನ್ನು ಕೇಳಿದರೆ ಸಿಡಿಯುತ್ತಿದ್ದ. ಪರಮಹಂಸರು ಅವನಿಂದ 'ಅಷ್ಟಾವಕ್ರ ಸಂಹಿತೆ'ಯನ್ನು ಓದಿಸುತ್ತಿದ್ದರು. ಜೀವನೇ ಬ್ರಹ್ಮ ಎನ್ನುವುದು ಪಾಪವೆಂದು ಅವನು ರೇಗಿದರೆ, ಈಗಲೇ ಒಪ್ಪಬೇಕಾಗಿಲ್ಲ, ಋಷಿಗಳನ್ನು ಹಳಿಯಬೇಡ ಎನ್ನುತ್ತಿದ್ದರು. ಒತ್ತಾಯ ಮಾಡಲಿಲ್ಲ, ದೂರ ತಳ್ಳಲೂ ಇಲ್ಲ. 1884ರಲ್ಲಿ ತಂದೆ ತೀರಿಕೊಂಡು ಮನೆ ಬಡತನಕ್ಕೆ ಬಿದ್ದ ಮೇಲೆ ನೀನೇ ಹೋಗಿ ತಾಯಿಯನ್ನು ಕೇಳು ಎಂದು ಪರಮಹಂಸರು ಹೇಳಿದಾಗ ನರೇಂದ್ರ ಕಾಳಿಯ ಗುಡಿಯೊಳಗೆ ಹೋದ. ಅವನು ಮುಂದೆ ವಿವೇಕಾನಂದನಾದ. ಆ ಪರಂಪರೆಯ ಬಿಸಿ ಕನ್ನಡಕ್ಕೂ ತಾಗಿತು: ಕುವೆಂಪು 1929ರಲ್ಲಿ ಬೇಲೂರು ಮಠಕ್ಕೆ ಹೋಗಿ ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು, ರಾಮಕೃಷ್ಣ, ವಿವೇಕಾನಂದರಿಬ್ಬರ ಜೀವನಚರಿತ್ರೆಗಳನ್ನೂ ಬರೆದರು.

ಮಕ್ಕಳನ್ನು ಬೆಳೆಸುವ ತಂದೆತಾಯಿಗೆ, ಪಾಠ ಹೇಳುವವರಿಗೆ, ದೀಕ್ಷೆ ಕೊಡುವವರಿಗೆ ಈ ವಿಚಾರ ನೇರವಾಗಿ ಸಂಬಂಧಿಸಿದ್ದು. ಮಗುವಿನಲ್ಲಿ ಇರುವುದನ್ನು ಅರಳಿಸುವಷ್ಟು ಬೆಚ್ಚಗೆ ನೋಡಿಕೊಳ್ಳುವುದು ಹಿರಿಯರ ಕೆಲಸ. ಇಲ್ಲದ್ದನ್ನು ತುರುಕಲು ಬಿಸಿ ಏರಿಸುತ್ತ ಹೋದರೆ ಇದ್ದದ್ದೂ ಸಾಯುತ್ತದೆ. ಹಾಗೆಂದು, ಸ್ವಭಾವವಿದ್ದರೆ ತಾನೇ ಆಗುತ್ತದೆ ಎಂದು ಕೈಕಟ್ಟಿ ಕೂರುವುದೂ ಸಲ್ಲದು. ಚಳಿಗೆ ಬಿಟ್ಟ ಹಾಲು ತಾನಾಗಿ ಗಟ್ಟಿಯಾಗದು. ಮೊಸರು ಚೆನ್ನಾಗಿ ಆದರೆ ಅದರ ಹಿರಿಮೆ ಹಾಲಿನದು. ಕೆಟ್ಟರೆ ಹೊಣೆ ಶಾಖ ಕೊಟ್ಟವರದು. ಅನ್ಯಾಯ ಎನಿಸಿದರೂ ಈ ಹಂಚಿಕೆಯೇ ಸರಿ.

ಈ ಹೊಣೆ ಮೊಸರಿನ ಪಾತ್ರೆಗೆ ಮುಗಿಯುವುದಿಲ್ಲ, ಮನೆಯಲ್ಲಿ ಮಲಗಿದವರವರೆಗೂ ಇದೆ. ಚಳಿಗೆ ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು. ಪೆಟ್ಟಿಗೆಯೊಳಗೆ ಬಲ್ಬು ಉರಿಸಿ ಅದರ ಮೇಲೆ ಬಟ್ಟೆ ಹೊದಿಸುವುದು, ವಿದ್ಯುತ್ ಹೀಟಿಂಗ್ ಪ್ಯಾಡಿಗೆ ಕಂಬಳಿ ಸುತ್ತಿ ರಾತ್ರಿಯಿಡೀ ಬಿಡುವುದು ಬೆಂಕಿಯನ್ನು ಕರೆದಂತೆ. ಇವಾವುವೂ ಬೇಕಿಲ್ಲ. ಹೆಪ್ಪು ಹಾಕಿದ ಪಾತ್ರೆಯನ್ನು ಕೈಗೆ ಹಿತವೆನಿಸುವಷ್ಟು ಬಿಸಿ ನೀರಿರುವ ದೊಡ್ಡ ಪಾತ್ರೆಯಲ್ಲಿ ಇಡಿ. ಮುಚ್ಚಿ, ದಪ್ಪ ಟವೆಲು ಸುತ್ತಿ, ಗಾಳಿ ಬೀಸದ ಮೂಲೆಯಲ್ಲಿ ಬಿಡಿ. ನೀರು ಆರಿದರೆ ಬದಲಿಸಿ. ಇದ್ದಿಲನ್ನೇ ಬಳಸುವುದಾದರೆ ಅದು ಹೊರಗಿರಲಿ. ಮನುಷ್ಯರು ಮಲಗುವ ಕೋಣೆಗೆ ದಯವಿಟ್ಟು ಕೆಂಡ ತರಬೇಡಿ.