ಬರಿದಾದ ಅಂಬಾರಿ

ಸೋತ ಜನಾಂಗವನ್ನು ಹೇಡಿಯೆಂದು ಕರೆಯುವುದು ಚರಿತ್ರೆಯನ್ನೋದುವವರಿಗೆ ಬಹು ಸುಲಭವಾದ ಕೆಲಸ. ಒಡೆಯನು ಬಿದ್ದೊಡನೆ ಚದರಿಹೋಗುವುದು ಈ ದೇಶದ ಸೈನ್ಯಗಳ ಸ್ವಭಾವವೆಂದು ಹೇಳುವವರುಂಟು. ಅದಕ್ಕೆ ತಲೆದೂಗುವವರು ದೇಶೀಯರಲ್ಲಿಯೂ ಉಂಟು. ಈ ಅಪವಾದವು ನ್ಯಾಯವಾದುದೇ ಎಂಬುದು ವಿಚಾರಾರ್ಹವಾಗಿದೆ.

ಘಟನೆಗಳೇನೋ ನಿಜ. 1556ರಲ್ಲಿ ಪಾಣಿಪತ್ತಿನ ರಣದಲ್ಲಿ ಬಾಣವೊಂದು ಹೇಮುವಿನ ಕಣ್ಣಿಗೆ ತಾಗಿತು. ಆನೆಯ ಮೇಲೆ ಅವನು ಕುಸಿದುದೇ ತಡ, ಸೇನೆಯು ದಿಕ್ಕಾಪಾಲಾಯಿತು. 1658ರಲ್ಲಿ ಸಾಮೂಗಢದಲ್ಲಿ ದಾರಾ ಶುಕೋಹನು ಆನೆಯಿಂದಿಳಿದು ಕುದುರೆಯನ್ನೇರಿದನು. ಅವನು ಸತ್ತಿರಲಿಲ್ಲ; ಬರಿದಾದ ಅಂಬಾರಿಯೊಂದೇ ಸಾಕಾಯಿತು. ಇವೆರಡರ ನಡುವೆ, 1565ರ ಜನವರಿಯಲ್ಲಿ, ಕೃಷ್ಣಾನದಿಯ ಬಳಿ ನಡೆದ ಯುದ್ಧದಲ್ಲಿ ವೃದ್ಧನಾದ ಅಳಿಯ ರಾಮರಾಯನು ಸೆರೆಸಿಕ್ಕನು. ಹುಸೇನ್ ನಿಜಾಮಶಹನ ಆಜ್ಞೆಯಂತೆ ಕಡಿದ ಅವನ ತಲೆಯನ್ನು ಭರ್ಜಿಯ ತುದಿಯಲ್ಲೆತ್ತಿ ತೋರಿಸಲು, ವಿಜಯನಗರದ ಅಪಾರವಾದ ಸೇನೆಯು ಬೆನ್ನುಗೊಟ್ಟಿತು.

ಓಡಿದ ಆ ಕಾಲಾಳನ್ನು ಜರೆಯುವ ಮೊದಲು ಅವನ ಸ್ಥಿತಿಯನ್ನು ನೋಡಬೇಕಲ್ಲವೆ? ಅವನನ್ನು ಕರೆತಂದವನು ಅವನ ನಾಯಕ. ನಾಯಕನನ್ನು ಬರಮಾಡಿಕೊಂಡವನು ರಾಮರಾಯ. ಅನ್ನ, ಅಪ್ಪಣೆ, ಮರ್ಯಾದೆಗಳೆಲ್ಲವೂ ಒಂದೇ ಗೂಟಕ್ಕೆ ಕಟ್ಟಿದ್ದುವು. ಗೂಟವು ಕಿತ್ತ ಮೇಲೆ ಹೋರುವುದು ಯಾರಿಗಾಗಿ, ಯಾರ ಮಾತಿನ ಮೇಲೆ?

1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಸಮುದ್ರದಲ್ಲಿ ಆಂಗ್ಲ ನೌಕಾಧಿಪತಿ ನೆಲ್ಸನ್ನನಿಗೂ ಗುಂಡು ತಗಲಿತು. ಯುದ್ಧವಿನ್ನೂ ಮುಗಿಯದಿದ್ದಾಗಲೇ ಅವನು ಬಿದ್ದನು. ಆದರೆ ಹಡಗುಗಳು ಹಿಂದೆಗೆಯಲಿಲ್ಲ. ಇಪ್ಪತ್ತೇಳು ಹಡಗುಗಳ ಪಡೆಯು ಮೂವತ್ತಮೂರರ ಪಡೆಯನ್ನು ಸೋಲಿಸಿತು. ಆಂಗ್ಲರ ರಕ್ತವೇ ಬೇರೆಯೆಂದು ಹೇಳಿಬಿಡುವುದು ಸೋಮಾರಿತನದ ಉತ್ತರ. ತನ್ನ ವ್ಯೂಹದ ಮರ್ಮವನ್ನು ನೆಲ್ಸನ್ನನು ಕೆಲದಿನಗಳ ಮುಂಚೆಯೇ ಕಪ್ತಾನರಿಗೆಲ್ಲ ತಿಳಿಸಿ, ಸಂಕೇತವು ಕಾಣದಿದ್ದರೂ ಮಾಡತಕ್ಕುದೇನೆಂಬುದನ್ನು ಗೊತ್ತುಮಾಡಿದ್ದನು.

ಇದು ಪಶ್ಚಿಮದಿಂದ ಕಲಿಯಬೇಕಾದ ವಿದ್ಯೆಯೂ ಅಲ್ಲ. ಕುರುಕ್ಷೇತ್ರದಲ್ಲಿ ಭೀಷ್ಮನು ಒರಗಿದ ಮೇಲೆ ದ್ರೋಣನಿಗೆ, ಆಮೇಲೆ ಕರ್ಣನಿಗೆ, ಕಡೆಗೆ ಶಲ್ಯನಿಗೆ ಸೇನಾಧಿಪತ್ಯದ ಅಭಿಷೇಕವಾಯಿತು. ಕೌರವರ ಪಕ್ಷವು ಅಧರ್ಮದ್ದಾದರೂ ಹದಿನೆಂಟು ದಿನ ನಿಂತಿತೆಂಬುದನ್ನು ಮರೆಯಲಾಗದು. ಗೀತೆಯ ಹದಿನೆಂಟನೆಯ ಅಧ್ಯಾಯವು ಕ್ಷತ್ರಿಯನ ಗುಣಗಳಲ್ಲಿ ಶೌರ್ಯವನ್ನೂ ಧೃತಿಯನ್ನೂ ಬೇರೆಬೇರೆಯಾಗಿ ಎಣಿಸಿದೆ. ಶೌರ್ಯವು ಒಬ್ಬನಲ್ಲಿದ್ದರೂ ಶೋಭಿಸುತ್ತದೆ. ಧೃತಿಯಾದರೋ ಮುಂದಾಳು ತನ್ನವರಲ್ಲಿ ಮುಂಚಿತವಾಗಿ ಬೆಳೆಸಿರಬೇಕಾದುದು. ರಣದ ನಡುವೆ ಹುಟ್ಟಿಸಲು ಬರುವುದಿಲ್ಲ.

ರಾಮರಾಯನಲ್ಲಿ ಶೌರ್ಯಕ್ಕೇನೂ ಕೊರತೆಯಿರಲಿಲ್ಲ. ಕುದುರೆಯೇರುವುದು ಕ್ಷೇಮವೆಂದು ಸರದಾರರು ಬೇಡಿಕೊಂಡರೂ ಕೇಳದೆ, ಇಂಥ ಹುಡುಗರೊಡನೆ ಕಾದುವುದಕ್ಕೆ ಅಷ್ಟು ಎಚ್ಚರವೇಕೆಂದು ಪಲ್ಲಕ್ಕಿಯಲ್ಲಿಯೇ ಕುಳಿತನೆಂದು ಫಿರಿಸ್ತಾ ಬರೆದಿದ್ದಾನೆ. ತನ್ನ ಪ್ರಾಣವನ್ನು ಪಣವಾಗಿಡಲು ಅವನಿಗೆ ಅಧಿಕಾರವಿದ್ದಿರಬಹುದು. ಆದರೆ ಅದರೊಡನೆ ಪಣಕ್ಕಿಟ್ಟ ಪಟ್ಟಣವು ಅವನೊಬ್ಬನದಾಗಿರಲಿಲ್ಲ. ಯುದ್ಧದಿಂದ ಹಿಂದಿರುಗಿದ ತಮ್ಮ ತಿರುಮಲನು ಭಂಡಾರವನ್ನು ಆನೆಗಳ ಮೇಲೆ ಹೇರಿಸಿ ಪೆನುಗೊಂಡೆಯ ದಾರಿ ಹಿಡಿದನು. ಊರಿನ ಜನರು ಸೂರೆಗಾರರನ್ನು ತಾವೇ ಎದುರುನೋಡುತ್ತ ಉಳಿದರು.