ಅನುಮತಿಯ ಭಾರ

2001ರ ಸೆಪ್ಟೆಂಬರ್ 11ರ ಘೋರಕೃತ್ಯ ನಡೆದು ಮೂರು ದಿವಸ ಕಳೆಯುವಷ್ಟರಲ್ಲಿ ಅಮೆರಿಕದ ಕಾಂಗ್ರೆಸ್ಸು ತನ್ನ ಅಧ್ಯಕ್ಷನಿಗೆ ಸೈನ್ಯಬಲವನ್ನು ಪ್ರಯೋಗಿಸುವ ಅನುಮತಿಯನ್ನಿತ್ತಿತು. ಸೆನೆಟ್ಟಿನಲ್ಲಿ ಮತವಿತ್ತ 98 ಮಂದಿಯೂ ಒಪ್ಪಿದರು. ಪ್ರತಿನಿಧಿಸಭೆಯಲ್ಲಿ 420 ಮತಗಳಿಗೆ ಎದುರಾಗಿ ಬಿದ್ದುದು ಒಂದೇ ಒಂದು, ಕ್ಯಾಲಿಫೋರ್ನಿಯದ ಬಾರ್ಬರಾ ಲೀಯವರದು. ಅದೇ ದಿನ ವಾಷಿಂಗ್ಟನ್ನಿನ ಕೆಥೀಡ್ರಲಿನಲ್ಲಿ ನಡೆದ ಪ್ರಾರ್ಥನೆಯಲ್ಲಿ, ಯಾವ ಕೇಡನ್ನು ಖಂಡಿಸುತ್ತೇವೆಯೋ ಆ ಕೇಡೇ ನಾವಾಗದಿರಲೆಂದು ಧರ್ಮಗುರುಗಳೊಬ್ಬರು ಬೇಡಿಕೊಂಡುದನ್ನು ಕೇಳಿ, ಹೊಯ್ದಾಡುತ್ತಿದ್ದ ಅವರ ಮನಸ್ಸು ನೆಲೆಗೊಂಡಿತಂತೆ.

ಬಲಪ್ರಯೋಗವು ನ್ಯಾಯವೇ ಎಂಬ ಪ್ರಶ್ನೆಯನ್ನು ನಾನಿಲ್ಲಿ ಎತ್ತುತ್ತಿಲ್ಲ. ಸಾವಿರಾರು ನಿರಪರಾಧಿಗಳನ್ನು ಕೊಂದವರನ್ನು ದಂಡಿಸಬಾರದೆಂದು ಯಾವ ರಾಜಧರ್ಮವೂ ಹೇಳಲಾರದು. ನನ್ನನ್ನು ಕಾಡುವುದು ಅನುಮತಿಯ ಸ್ವರೂಪ. 13ನೆಯ ಶತಮಾನದ ತಾಮಸ್ ಅಕ್ವಿನಾಸನು ಧರ್ಮಯುದ್ಧಕ್ಕೆ ಮೂರು ನಿಬಂಧನೆಗಳನ್ನು ವಿಧಿಸುವಾಗ, ನ್ಯಾಯವಾದ ಕಾರಣಕ್ಕೂ ಶುದ್ಧವಾದ ಉದ್ದೇಶಕ್ಕೂ ಮೊದಲು ಅಧಿಕಾರವುಳ್ಳವನ ಆಜ್ಞೆಯನ್ನಿರಿಸಿದನು. ಮೇಲ್ನೋಟಕ್ಕೆ ಇದು ಬರಿಯ ಕಚೇರಿಯ ಕ್ರಮವೆಂದು ತೋರೀತು. ಆದರೆ ಆಜ್ಞೆಯಿತ್ತವನು ಕೊಲೆಯ ಭಾರವನ್ನೂ ಹೊರಬೇಕಷ್ಟೆ: ಬಾಣ ಬಿಟ್ಟವನು ಅರ್ಜುನನಾದರೂ, ಕರ್ಣನಿಗಾಗಿ ಬೆಂದು ಗೆದ್ದ ರಾಜ್ಯವೇ ಬೇಡವೆಂದವನು ಧರ್ಮರಾಯ.

2001ರ ಶಾಸನದಲ್ಲಿ ಆ ಭಾರ ಯಾರದು? ದಾಳಿಯನ್ನು ಯೋಜಿಸಿದವರು, ನಡೆಸಿದವರು, ನೆರವಾದವರು, ಅಂಥವರಿಗೆ ಆಶ್ರಯವಿತ್ತವರು ಯಾರೆಂಬುದನ್ನು ಅಧ್ಯಕ್ಷನೇ ನಿರ್ಣಯಿಸತಕ್ಕದ್ದು. ಶತ್ರುವಿನ ಹೆಸರಾಗಲಿ ಕಾಲದ ಅವಧಿಯಾಗಲಿ ಅದರಲ್ಲಿಲ್ಲ. ಮುಂದಣ ಭಯೋತ್ಪಾದನೆಯನ್ನೆಲ್ಲ ತಡೆಯುವ ಅಧಿಕಾರವೂ ಬೇಕೆಂದು ಶ್ವೇತಭವನ ಕೇಳಿದಾಗ ಕಾಂಗ್ರೆಸ್ಸು ಒಪ್ಪಲಿಲ್ಲವೆಂಬುದು ಅದರ ವಿವೇಕಕ್ಕೆ ಸಾಕ್ಷಿಯೇ ಸರಿ. ಆದರೆ ಅಂದು ನಿರಾಕರಿಸಿದುದರಲ್ಲಿ ಬಹುಪಾಲು ಮುಂದೆ ವ್ಯಾಖ್ಯಾನದ ಬಲದಿಂದಲೇ ದೊರೆಯಿತು. ಅಲ್ ಖೈದಾದಿಂದ ಸಿಡಿದು ಅದರೊಡನೆಯೇ ಕಾದಾಡುತ್ತಿದ್ದ ಐಸಿಸ್ ಪಡೆಯ ಮೇಲೆ 2014ರಲ್ಲಿ ಬಾಂಬು ಸುರಿದುದಕ್ಕೂ, ಸೊಮಾಲಿಯದ ಅಲ್ ಶಬಾಬಿನ ಮೇಲಿನ ದಾಳಿಗಳಿಗೂ ಇದೇ ಶಾಸನ ಆಧಾರವಾಯಿತು. ಕಾಂಗ್ರೆಸ್ಸು ಅಧಿಕಾರ ಕೊಟ್ಟಿದೆಯೆಂದು ಅಧ್ಯಕ್ಷನೂ, ನಿರ್ಣಯ ಅಧ್ಯಕ್ಷನದೆಂದು ಕಾಂಗ್ರೆಸ್ಸೂ ಹೇಳಬಹುದಾದೆಡೆಯಲ್ಲಿ ಕೊಂದ ಪಾಪಕ್ಕೆ ಒಡೆಯರೇ ಇಲ್ಲ.

ಭಯೋತ್ಪಾದಕನು ಮತದಾನಕ್ಕಾಗಿ ಕಾಯುವನೆ ಎಂಬ ಆಕ್ಷೇಪ ಬಲವಾದುದು. ಆದರೆ ಹಠಾತ್ತಾಗಿ ಎರಗಿದ ಪೆಟ್ಟನ್ನು ತಡೆಯಲು ಅಧ್ಯಕ್ಷನಿಗೆ ಅಪ್ಪಣೆ ಬೇಡವೆಂಬುದನ್ನು 1787ರಲ್ಲಿ ಸಂವಿಧಾನ ರಚಿಸಿದವರೇ ಬಲ್ಲವರಾಗಿದ್ದರು. ವರ್ಷಗಟ್ಟಲೆ ನಡೆಯುವ ಯುದ್ಧಕ್ಕೆ ಆ ಅವಸರದ ನೆಪ ಸಲ್ಲದು. ಶಾಸನದ ರದ್ದತಿಗಾಗಿ ಲೀಯವರು ತಂದ ತಿದ್ದುಪಡಿಯನ್ನು 2017ರಲ್ಲಿ ಪ್ರತಿನಿಧಿಸಭೆಯ ವಿನಿಯೋಗ ಸಮಿತಿ ಒಪ್ಪಿಕೊಂಡಿತು. ಇಡೀ ಸಭೆಯ ಮುಂದೆ ಬರುವ ಮೊದಲೇ ಅದನ್ನು ಮಸೂದೆಯಿಂದ ಕಿತ್ತುಹಾಕಿದರು. ಹೌದೆಂದೋ ಅಲ್ಲವೆಂದೋ ಹೇಳಬೇಕಾದ ಸಂಕಟದಿಂದ ಸದಸ್ಯರು ಪಾರಾದರು.