ಪರದೆಯ ಮೇಲಿನ ಅಲೆ ಯಾವ ಪ್ರಮಾಣ?

ಇನ್ನೂ ಕಟ್ಟದ ಸರ್ಕ್ಯೂಟ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಸಿಮ್ಯುಲೇಟರ್ ತಂತ್ರಾಂಶ ಲೆಕ್ಕ ಹಾಕಿ ತೋರಿಸುತ್ತದೆ. ರೆಸಿಸ್ಟರ್, ಕೆಪಾಸಿಟರ್, ಟ್ರಾನ್ಸಿಸ್ಟರ್‌ಗಳನ್ನು ಪರದೆಯ ಮೇಲೆ ಜೋಡಿಸಿ ಚಾಲನೆ ಕೊಟ್ಟರೆ, ಆಸಿಲೋಸ್ಕೋಪಿನಲ್ಲಿ ಕಾಣುವಂಥದೇ ಅಲೆ ಮೂಡುತ್ತದೆ. ಎನ್‌ಜಿಸ್ಪೈಸ್, ಎಲ್‌ಟಿಸ್ಪೈಸ್, ಐಐಟಿ ಬಾಂಬೆಯ ಫಾಸಿ ಯೋಜನೆಯಿಂದ ಬಂದ ಇಸಿಮ್ ಇವೆಲ್ಲ ದುಡ್ಡಿಲ್ಲದೆ ಸಿಗುತ್ತವೆ, ಮನೆಯ ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತವೆ. ಅಲೆ ಕಣ್ಣಿಗೇನೋ ಕಾಣುತ್ತದೆ. ಆದರೆ ಅದರಿಂದ ಹುಟ್ಟುವ ಜ್ಞಾನ ಯಾವ ಪ್ರಮಾಣದಿಂದ, ಅಂದರೆ ಯಾವ ಜ್ಞಾನಮಾರ್ಗದಿಂದ, ಬಂದದ್ದು: ಕಣ್ಣಾರೆ ಕಾಣುವ ಪ್ರತ್ಯಕ್ಷವೇ, ತರ್ಕದಿಂದ ತಿಳಿಯುವ ಅನುಮಾನವೇ, ಅಥವಾ ಮತ್ತೊಬ್ಬರ ಮಾತನ್ನು ನಂಬಿ ಪಡೆದ ಶಬ್ದಜ್ಞಾನವೇ? ಸಿಮ್ಯುಲೇಟರನ್ನು ಎಲ್ಲಿಯವರೆಗೆ ನಂಬಬಹುದು ಎಂಬುದು ಈ ಪ್ರಶ್ನೆಗೆ ಸಿಗುವ ಉತ್ತರವನ್ನು ಅವಲಂಬಿಸಿದೆ.

ಇಂಥ ತಂತ್ರಾಂಶಗಳಲ್ಲಿ ಬಹುಪಾಲಿನ ಬೇರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿದೆ. ಅಲ್ಲಿ ರೊನಾಲ್ಡ್ ರೋರರ್ ಅವರ ತರಗತಿಯಲ್ಲಿ ಆರಂಭವಾದ ಕೆಲಸವನ್ನು ಲಾರೆನ್ಸ್ ನೇಗಲ್ ಅವರು ಡೊನಾಲ್ಡ್ ಪೆಡರ್ಸನ್ ಮಾರ್ಗದರ್ಶನದಲ್ಲಿ ಬೆಳೆಸಿದರು. 1973ರಲ್ಲಿ ಅದು ಸ್ಪೈಸ್ ಎಂಬ ಹೆಸರಿನಲ್ಲಿ ಹೊರಬಂತು. ಕೇಳಿದವರಿಗೆಲ್ಲ ಅದು ಮೂಲ ಸಂಕೇತದ ಸಮೇತ ಸಿಗುತ್ತಿತ್ತು. ಎನ್‌ಜಿಸ್ಪೈಸ್ ಇದೇ ವಂಶದ ಮೂರನೆಯ ಆವೃತ್ತಿಯಿಂದ ಬೆಳೆದದ್ದು.

ಒಳಗೆ ನಡೆಯುವ ಕೆಲಸ ಹೀಗಿದೆ. ಸರ್ಕ್ಯೂಟಿನ ಪ್ರತಿ ಸಂಧಿಗೂ ಬಂದ ವಿದ್ಯುತ್ತೆಲ್ಲ ಹೊರಟುಹೋಗಲೇಬೇಕು ಎಂಬ ಕಿರ್ಕಾಫ್ ನಿಯಮದಿಂದ ಒಂದೊಂದು ಸಮೀಕರಣ ಸಿದ್ಧವಾಗುತ್ತದೆ. ಡಯೋಡ್, ಟ್ರಾನ್ಸಿಸ್ಟರ್‌ಗಳ ಸಮೀಕರಣಗಳು ಸರಳರೇಖೆಯವಲ್ಲವಾದ್ದರಿಂದ ಒಂದೇ ಏಟಿಗೆ ಉತ್ತರ ದೊರೆಯುವುದಿಲ್ಲ. ಹಾಗಾಗಿ ಪ್ರೋಗ್ರಾಂ ಒಂದು ಊಹೆಯಿಂದ ಹೊರಟು, ನ್ಯೂಟನ್-ರಾಫ್ಸನ್ ವಿಧಾನದಲ್ಲಿ ಅದನ್ನು ತಿದ್ದುತ್ತ ಹೋಗುತ್ತದೆ. ಎರಡು ಸುತ್ತುಗಳ ನಡುವಿನ ಅಂತರ ಸುಮಾರು ಸಾವಿರದಲ್ಲೊಂದು ಭಾಗಕ್ಕೆ ಇಳಿದಾಗ ಸಾಕೆಂದು ನಿಲ್ಲುತ್ತದೆ. ಬಳಿಕ ಕಾಲವನ್ನು ಒಂದು ಸಣ್ಣ ಹೆಜ್ಜೆ ಮುಂದಿಟ್ಟು ಮತ್ತೆ ಅದೇ ಕೆಲಸ. ಅಂದಮೇಲೆ ಪರದೆಯಲ್ಲಿ ಕಣ್ಣಿಗೆ ಬೀಳುವುದು ವಿದ್ಯುತ್ತಲ್ಲ, ತರ್ಕದ ಫಲ. ಅದು ಪ್ರತ್ಯಕ್ಷದ ವೇಷ ತೊಟ್ಟ ಅನುಮಾನ.

ಅನುಮಾನಕ್ಕೆ ಆಧಾರ ವ್ಯಾಪ್ತಿ. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂಬ ತಪ್ಪದ ಸಂಬಂಧ ಗೊತ್ತಿದ್ದರೆ ಮಾತ್ರ ಬೆಟ್ಟದ ಹೊಗೆಯಿಂದ ಬೆಂಕಿಯನ್ನು ತಿಳಿಯಬಹುದು. ಇದನ್ನೇ ತಿರುಗಿಸಿ, ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂದರೆ ತಪ್ಪಾಗುತ್ತದೆ, ಏಕೆಂದರೆ ಹೊಗೆಗೆ ಹಸಿ ಸೌದೆಯೂ ಬೇಕು. ಹೀಗೆ ಅಡಗಿ ಕುಳಿತ ಷರತ್ತನ್ನು ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಉಪಾಧಿ ಎಂದು ಕರೆದರು. ಸಿಮ್ಯುಲೇಟರಿನ ಪ್ರತಿ ಫಲಿತಾಂಶದ ಹಿಂದೆಯೂ ಇಂಥ ಉಪಾಧಿಗಳ ಸಾಲೇ ಇದೆ. ಬೇರೆ ಹೇಳದಿದ್ದರೆ ಉಷ್ಣತೆ 27 ಡಿಗ್ರಿ ಸೆಲ್ಸಿಯಸ್. ತಂತಿಗೆ ಪ್ರತಿರೋಧವಿಲ್ಲ. ಅಕ್ಕಪಕ್ಕದ ಎರಡು ತಂತಿಗಳ ನಡುವೆ, ಬ್ರೆಡ್‌ಬೋರ್ಡಿನಲ್ಲಿ ಇದ್ದೇ ಇರುವ ಕೆಲವು ಪಿಕೋಫ್ಯಾರಡ್ ಧಾರಣೆ ಇಲ್ಲಿ ಶೂನ್ಯ. ಸರ್ಕ್ಯೂಟ್ ಬರೆದವರು ಇವನ್ನು ಹೇಳಿಲ್ಲ, ಅಲ್ಲಗಳೆದೂ ಇಲ್ಲ. ತಪ್ಪುಗಳು ಹೆಚ್ಚಾಗಿ ಹುಟ್ಟುವುದು ಈ ಮೌನದಲ್ಲೇ, ಗಣಿತದಲ್ಲಲ್ಲ.

ಜಾತಿ, ಅಂದರೆ ಇಡೀ ವರ್ಗ, ಮತ್ತು ಅದರ ಒಂದೊಂದು ವ್ಯಕ್ತಿಯ ಪ್ರಶ್ನೆ ಇದಕ್ಕಿಂತ ಆಳದ್ದು. ಅಂಗಡಿಯಲ್ಲಿ ಸಿಗುವ ಬಿಸಿ547 ಟ್ರಾನ್ಸಿಸ್ಟರ್‌ಗಳ ವರ್ಧನೆ 110ರಿಂದ 800ರವರೆಗೆ ಎಷ್ಟಾದರೂ ಇರಬಹುದೆಂದು ಅದರ ಮಾಹಿತಿಪತ್ರವೇ ಹೇಳುತ್ತದೆ. ಸಿಮ್ಯುಲೇಟರಿನ ಮಾದರಿಯಲ್ಲಿ ಅದಕ್ಕಿರುವುದು ಒಂದೇ ಸಂಖ್ಯೆ. ಮಾದರಿ ವರ್ಣಿಸುವುದು ಬಿಸಿ547 ಎಂಬ ಜಾತಿಯನ್ನು. ಬೆಸುಗೆ ಹಾಕುವ ಕೈಗೆ ಸಿಗುವುದು ಒಂದು ವ್ಯಕ್ತಿ. ಸಂಖ್ಯೆಗಳನ್ನು ಅಲ್ಲಿಲ್ಲಿ ಸರಿಸಿ ನೂರಾರು ಬಾರಿ ಲೆಕ್ಕ ಓಡಿಸುವ ಮಾಂಟೆ ಕಾರ್ಲೊ ವಿಧಾನ ಈ ಕಂದರವನ್ನು ಕಿರಿದು ಮಾಡುತ್ತದೆ, ಆದರೆ ಮುಚ್ಚುವುದಿಲ್ಲ.

ಆಸಿಲೇಟರನ್ನು ಸಿಮ್ಯುಲೇಟರಿನಲ್ಲಿ ಓಡಿಸಿದರೆ ವಿಚಿತ್ರವೊಂದು ಎದುರಾಗುತ್ತದೆ. ನಿಜವಾದ ಸರ್ಕ್ಯೂಟಿಗೆ ವಿದ್ಯುತ್ ಕೊಟ್ಟೊಡನೆ ಅದು ತಾನೇ ಮಿಡಿಯತೊಡಗುತ್ತದೆ. ಪರದೆಯಲ್ಲಿ ಎಷ್ಟೋ ಬಾರಿ ಒಂದು ನೇರ ಗೆರೆ ಮಾತ್ರ ಕಾಣುತ್ತದೆ. ಎರಡು ಬದಿಯೂ ಪೂರ್ತಿ ಒಂದೇ ತೆರನಾಗಿರುವ ಫ್ಲಿಪ್-ಫ್ಲಾಪ್ ಕೂಡ ಆ ಕಡೆಯೂ ವಾಲದೆ ಈ ಕಡೆಯೂ ವಾಲದೆ ನಡುವೆಯೇ ನಿಂತುಬಿಡುತ್ತದೆ. ಸಮೀಕರಣಗಳ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ, ಸಮತೋಲವೂ ಒಂದು ಉತ್ತರವೇ. ನಿಜವಾದ ರೆಸಿಸ್ಟರಿನೊಳಗೆ ಉಷ್ಣದಿಂದ ಎಲೆಕ್ಟ್ರಾನುಗಳು ಸದಾ ನಡುಗುತ್ತಿರುತ್ತವೆ, ಎರಡು ಬಿಡಿಭಾಗಗಳು ಎಂದೂ ಪೂರ್ತಿ ಸಮನಾಗಿರುವುದಿಲ್ಲ. ಆ ನಡುಕ, ಆ ಅಸಮತೆ ಸಾಕು, ಸಮತೋಲ ಮುರಿಯುತ್ತದೆ. ಸಿಮ್ಯುಲೇಟರಿನಲ್ಲಿ ಆರಂಭದ ವೋಲ್ಟೇಜನ್ನೋ ಸಣ್ಣದೊಂದು ತಳ್ಳನ್ನೋ ಬಳಸುವವರೇ ಹೊರಗಿನಿಂದ ಕೊಡಬೇಕು. ಮೂರು ಗುಣಗಳು ಸಾಮ್ಯಾವಸ್ಥೆಯಲ್ಲಿರುವಷ್ಟು ಕಾಲ ಪ್ರಕೃತಿಯಿಂದ ಏನೂ ಹುಟ್ಟುವುದಿಲ್ಲ, ಕ್ಷೋಭೆಯಾದ ಮೇಲೆಯೇ ಸೃಷ್ಟಿ ಎಂದಿತು ಸಾಂಖ್ಯ ದರ್ಶನ. ಆ ಕ್ಷೋಭೆ ಎಲ್ಲಿಂದ ಬಂತೆಂಬ ಪ್ರಶ್ನೆಯನ್ನು ಅದರ ಎದುರಾಳಿಗಳು ಬಿಡದೆ ಕೇಳಿದರು. ನಿಯಮಗಳು ಪೂರ್ತಿಯಾಗಿದ್ದರೂ ಅವುಗಳಿಂದಷ್ಟೇ ಘಟನೆ ಹುಟ್ಟುವುದಿಲ್ಲ ಎಂಬುದನ್ನು ಇಷ್ಟು ನಿಚ್ಚಳವಾಗಿ ತೋರುವ ಉದಾಹರಣೆ ಮತ್ತೊಂದು ಸಿಗುವುದು ಕಷ್ಟ.

ನಿಜವಾದದ್ದು ಯಾವುದು ಎಂಬುದಕ್ಕೆ ಬೌದ್ಧ ತಾರ್ಕಿಕ ಧರ್ಮಕೀರ್ತಿ ಕೊಟ್ಟ ಒರೆಗಲ್ಲು ಅರ್ಥಕ್ರಿಯಾಸಾಮರ್ಥ್ಯ, ಅಂದರೆ ಕಾರ್ಯವನ್ನು ಉಂಟುಮಾಡುವ ಶಕ್ತಿ. 100 ಓಮ್‌ನ ರೆಸಿಸ್ಟರಿಗೆ 100 ವೋಲ್ಟ್ ಕೊಟ್ಟರೆ ಅದರಲ್ಲಿ 100 ವಾಟ್ ಶಾಖ ಹುಟ್ಟಬೇಕು. ಕಾಲು ವಾಟಿನ ಬಿಡಿಭಾಗವಾದರೆ ಕ್ಷಣದಲ್ಲಿ ಕರಟಿ ಹೊಗೆಯೇಳುತ್ತದೆ. ಪರದೆಯ ರೆಸಿಸ್ಟರ್ ಮಾತ್ರ ತಣ್ಣಗೆ 1 ಆಂಪಿಯರ್ ಎಂಬ ಉತ್ತರ ಕೊಡುತ್ತಲೇ ಇರುತ್ತದೆ. ಈ ಒರೆಗಲ್ಲಿಗೆ ಹಚ್ಚಿದರೆ ಸಿಮ್ಯುಲೇಷನ್ನಿನ ವಸ್ತು ನಿಜವಲ್ಲ, ಅದರ ಜ್ಞಾನ ಮಾತ್ರ ನಿಜವಾಗಬಹುದು.

ಆ ಜ್ಞಾನ ಸರಿಯೆಂದು ತಿಳಿಯುವುದು ಹೇಗೆ? ಜ್ಞಾನದ ಪ್ರಾಮಾಣ್ಯ ಸ್ವತಃ ಸಿದ್ಧವೆಂದರು ಮೀಮಾಂಸಕರು. ನೈಯಾಯಿಕರು ಒಪ್ಪಲಿಲ್ಲ, ನೀರೆಂದು ತಿಳಿದು ಹೋದವನ ದಾಹ ತೀರಿದಾಗಲೇ ಅದು ನೀರೆಂದು ಖಚಿತವಾಗುತ್ತದೆ ಎಂಬುದು ಅವರ ವಾದ. ಇಲ್ಲಿ ನೈಯಾಯಿಕರ ಪಕ್ಷವೇ ಸರಿ. ಸರ್ಕ್ಯೂಟನ್ನು ಕಟ್ಟಿ ಅಳೆದು ನೋಡಬೇಕು. ಅನಲಾಗ್ ವಿನ್ಯಾಸಕ ಬಾಬ್ ಪೀಸ್ ತಮ್ಮ ಅಂಕಣಗಳಲ್ಲಿ ಸ್ಪೈಸ್ ಮೇಲಿನ ಅತಿನಂಬಿಕೆಯನ್ನು ಮತ್ತೆ ಮತ್ತೆ ಟೀಕಿಸಿದ್ದು ಈ ನೆಲೆಯಿಂದಲೇ. ಆದರೂ ಪ್ರತ್ಯಕ್ಷ ಪೂರ್ತಿ ನಿರ್ದೋಷಿಯಲ್ಲ. ಆಸಿಲೋಸ್ಕೋಪಿನ ಪ್ರೋಬ್ ತಾನೂ ಹತ್ತಾರು ಪಿಕೋಫ್ಯಾರಡ್ ಸೇರಿಸಿ, ಅಳೆಯಹೊರಟದ್ದನ್ನೇ ಬದಲಿಸುತ್ತದೆ. ಚಿಪ್ಪಿನೊಳಗಿನ ಸರ್ಕ್ಯೂಟನ್ನಂತೂ ಬ್ರೆಡ್‌ಬೋರ್ಡಿನಲ್ಲಿ ಕಟ್ಟಿ ನೋಡಲಾಗದು. ಸ್ಪೈಸ್ ಹುಟ್ಟಿದ್ದೇ ಅಂಥ ಸರ್ಕ್ಯೂಟುಗಳಿಗಾಗಿ, ಅಲ್ಲಿ ಅನುಮಾನವೇ ಮೊದಲ ದಾರಿ.

ಅನುಮಾನ ಎನಿಸಿಕೊಳ್ಳಲು ಅದರ ಮೆಟ್ಟಿಲುಗಳನ್ನು ಪರೀಕ್ಷಿಸುವ ಅವಕಾಶ ಇರಬೇಕು. ಬೆಲೆಯಿಲ್ಲದೆ ಸಿಗುವ ತಂತ್ರಾಂಶಗಳು ಇಲ್ಲಿ ಎರಡು ಗುಂಪಾಗುತ್ತವೆ. ಎನ್‌ಜಿಸ್ಪೈಸ್, ಅದನ್ನೇ ಒಳಗಿಟ್ಟುಕೊಂಡ ಇಸಿಮ್ ತಮ್ಮ ಮೂಲ ಸಂಕೇತವನ್ನು ತೆರೆದಿಟ್ಟಿವೆ. ಯಾವ ಸಮೀಕರಣ, ಯಾವ ಹೆಜ್ಜೆ, ಎಲ್ಲಿ ನಿಲುಗಡೆ ಎಂದು ಓದಿ ತರ್ಕಿಸಬಹುದು, ತಿದ್ದಲೂಬಹುದು. ಅನಲಾಗ್ ಡಿವೈಸಸ್ ಕಂಪನಿಯ ಎಲ್‌ಟಿಸ್ಪೈಸ್ ಕೂಡ ಉಚಿತ, ವೇಗದಲ್ಲಿ ಹೆಸರಾದದ್ದು, ಆದರೆ ಅದರ ಒಳಗು ಮುಚ್ಚಿದೆ. ಕೆಲವು ತಯಾರಕರು ತಮ್ಮ ಚಿಪ್ಪುಗಳ ಮಾದರಿಗಳನ್ನು ಗೂಢಲಿಪೀಕರಿಸಿಯೇ ಕೊಡುತ್ತಾರೆ. ಇಲ್ಲಿ ದೊರೆಯುವ ಜ್ಞಾನ ಅನುಮಾನದಿಂದ ಶಬ್ದಪ್ರಮಾಣದ ಕಡೆಗೆ ಸರಿಯುತ್ತದೆ. ಶಬ್ದಪ್ರಮಾಣ ಕೀಳೇನಲ್ಲ, ಹೇಳಿದವರು ಆಪ್ತರಾಗಿದ್ದರೆ ಸಾಕು. ಅವರು ಆ ವಿಷಯವನ್ನು ಬಲ್ಲವರೂ ಇದ್ದದ್ದನ್ನು ಇದ್ದಂತೆ ಹೇಳುವವರೂ ಆಗಿರಬೇಕೆಂಬುದು ನ್ಯಾಯಶಾಸ್ತ್ರದ ನಿಯಮ. ಚಿಪ್ ಮಾರುವವರೇ ಅದರ ಮಾದರಿಯನ್ನೂ ಬರೆದಿದ್ದರೆ ಮೊದಲ ಲಕ್ಷಣ ಅವರಲ್ಲಿ ಧಾರಾಳವಾಗಿದೆ. ಎರಡನೆಯದನ್ನು ತಿಳಿಯಬೇಕಾದರೆ ಆ ಚಿಪ್ಪನ್ನು ಕೊಂಡು, ಸರ್ಕ್ಯೂಟಿಗೆ ಹಾಕಿ, ಮಾದರಿ ಹೇಳಿದ ಸಂಖ್ಯೆಗಳ ಪಕ್ಕದಲ್ಲಿ ಅಳೆದ ಸಂಖ್ಯೆಗಳನ್ನಿಟ್ಟು ನೋಡಬೇಕು.